ನೋವಿನ ಗುಳಿಗೆ ಬಿಡುವ ದಾರಿಗಳು: ಯಾರಿಗೆ ಯಾವುದು ಸರಿ?

ಕುಮಟಾದ ಔಷಧಿ ಅಂಗಡಿಯೊಂದರ ಕೌಂಟರಿನ ಹಿಂದೆ ನಾನು 22 ವರ್ಷ ನಿಂತಿದ್ದೇನೆ. ಕಳೆದ ಮಳೆಗಾಲದಲ್ಲಿ ಮೂವರು, ಬೇರೆ ಬೇರೆ ದಿನ, ಅಂಗಡಿಯಲ್ಲಿ ಮತ್ತೊಬ್ಬ ಗಿರಾಕಿ ಇಲ್ಲದ ಹೊತ್ತು ನೋಡಿಕೊಂಡು ಬಂದು ಒಂದೇ ಮಾತು ಕೇಳಿದರು: ‘ಈ ಗುಳಿಗೆ ಬಿಡಬೇಕು, ಬಿಟ್ಟರೆ ಇರಲಿಕ್ಕೆ ಆಗುವುದಿಲ್ಲ, ಏನು ಮಾಡಲಿ?’

ಒಬ್ಬರು ಶಿರಸಿ ಕಡೆಯ ಕೊನೆಗೌಡರು, ಎಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು. ಅಡಿಕೆ ಮರದಿಂದ ಬಿದ್ದು ಬೆನ್ನಿಗೆ ಪೆಟ್ಟಾದಾಗಿನಿಂದ, ಹತ್ತು ತಿಂಗಳಾಗಿ ಟ್ರಮಡಾಲ್ ನುಂಗುತ್ತಿದ್ದವರು. ಊರಿನ ಅಂಗಡಿಯಲ್ಲಿ ಕೇಳಿದರೆ ಸುದ್ದಿಯಾದೀತೆಂದು ದೇವಿಮನೆ ಘಟ್ಟ ಇಳಿದು ಬಂದಿದ್ದರು. ಇನ್ನೊಬ್ಬರು ತದಡಿಯ ಬೋಟಿನಲ್ಲಿ ಬಲೆ ಎಳೆಯುವವರು. ಭುಜದ ನೋವಿಗೆ ಟಪೆಂಟಡಾಲ್, ಅದೂ ಚೀಟಿಯಿಲ್ಲದೆ ಅವರಿವರ ಕೈಯಿಂದ. ಮೂರನೆಯವರು ಹೊನ್ನಾವರದ ನಿವೃತ್ತ ಶಿಕ್ಷಕಿ; ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಎರಡು ವರ್ಷದಿಂದ ಟ್ರಮಡಾಲ್, ಜೊತೆಗೆ ರಾತ್ರಿ ನಿದ್ರೆಗೆ ಆಲ್ಪ್ರಜೋಲಾಮ್. ಗುರುತು ಹತ್ತದಂತೆ ಮೂವರ ವಿವರಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಮೂವರಿಗೂ ಒಂದೇ ಉತ್ತರ ಕೊಡಲು ನನ್ನಿಂದ ಆಗಲಿಲ್ಲ, ಏಕೆಂದರೆ ಒಬ್ಬರಿಗೆ ಸರಿಯಾದ ದಾರಿ ಇನ್ನೊಬ್ಬರನ್ನು ಆಸ್ಪತ್ರೆಗೆ ಸೇರಿಸಬಹುದಿತ್ತು.

ನಾನು ಡಾಕ್ಟರಲ್ಲ. ಯಾವ ದಾರಿ ನಿಮ್ಮದೆಂದು ನೀವು ಮನಸ್ಸಿನಲ್ಲಿ ಅಂದಾಜು ಮಾಡಿಕೊಂಡು ಡಾಕ್ಟರ ಎದುರು ಕುಳಿತರೆ, ಐದು ನಿಮಿಷದ ಭೇಟಿಯೂ ಉಪಯೋಗಕ್ಕೆ ಬರುತ್ತದೆ; ಅಷ್ಟಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದನ್ನೂ ಹೇಳಿಬಿಡಬೇಕು. ಒಂದು ಕಾಲದಲ್ಲಿ, ಪರಿಚಯದವರು ನೋವು ಎಂದು ಹಳೆಯ ಚೀಟಿ ತೋರಿಸಿದಾಗ ನಾನೂ ಸ್ಟ್ರಿಪ್ ಕೊಟ್ಟದ್ದುಂಟು. 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯೊಳಗೆ ಬಂದ ಮೇಲೆ ಅದು ನಿಂತಿತು. ಆದರೆ ಬಿಡುವ ದಾರಿ ಹೇಳದೆ ‘ಇಲ್ಲ’ ಎಂದಷ್ಟೇ ಹೇಳಿ ಕಳಿಸುವುದೂ ಅಷ್ಟೇ ದೊಡ್ಡ ತಪ್ಪು ಎಂದು ತಿಳಿಯಲು ನನಗೆ ಮತ್ತೂ ಕೆಲವು ವರ್ಷ ಬೇಕಾಯಿತು.

ಕ್ಯಾನ್ಸರ್ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುತ್ತಿರುವವರು ದಯವಿಟ್ಟು ಈ ಬರಹ ಓದಿ ಹೆದರಿ ಗುಳಿಗೆ ನಿಲ್ಲಿಸಬೇಡಿ. ನಿಮ್ಮ ಲೆಕ್ಕವೇ ಬೇರೆ.

ಬಿಟ್ಟಾಗ ಆಗುವುದೇನು

ಟ್ರಮಡಾಲ್, ಟಪೆಂಟಡಾಲ್, ಕೋಡೀನ್, ಮಾರ್ಫಿನ್, ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ: ಇವೆಲ್ಲ ಓಪಿಯಾಯ್ಡ್ ಎಂಬ ಒಂದೇ ಕುಲಕ್ಕೆ ಸೇರಿದವು. ವಾರಗಟ್ಟಲೆ ತೆಗೆದುಕೊಂಡರೆ ಮಿದುಳು, ನರ, ಕರುಳು ಎಲ್ಲವೂ ಅದಕ್ಕೆ ಒಗ್ಗಿಕೊಳ್ಳುತ್ತವೆ. ಚಟವಿಲ್ಲದವರಿಗೂ, ಡಾಕ್ಟರು ಹೇಳಿದಷ್ಟನ್ನೇ ನುಂಗಿದವರಿಗೂ ಹೀಗೆಯೇ ಆಗುತ್ತದೆ. ಔಷಧಿ ತಟ್ಟನೆ ನಿಂತಾಗ, ಅದು ಅದುಮಿಟ್ಟಿದ್ದೆಲ್ಲ ಒಟ್ಟಿಗೆ ಮೇಲೇಳುತ್ತದೆ. ಆಕಳಿಕೆ, ಮೂಗು ಮತ್ತು ಕಣ್ಣಲ್ಲಿ ನೀರು, ಮೈಯೆಲ್ಲ ಮುಳ್ಳು, ಬೆವರು, ಹೊಟ್ಟೆ ನುಲಿತ, ಭೇದಿ, ವಾಂತಿ, ಕಾಲುಗಳನ್ನು ಒಂದು ಕಡೆ ಇಡಲಾಗದ ಚಡಪಡಿಕೆ, ನಿದ್ರೆಯಿಲ್ಲದ ರಾತ್ರಿ. ಇದನ್ನೇ ಡಾಕ್ಟರುಗಳು ವಿತ್‌ಡ್ರಾವಲ್ ಎನ್ನುತ್ತಾರೆ. ಬೇಗ ಇಳಿಯುವ ಗುಳಿಗೆಗಳಾದರೆ ಕೊನೆಯದನ್ನು ನುಂಗಿದ 8ರಿಂದ 24 ಗಂಟೆಯೊಳಗೆ ಶುರುವಾಗಿ, ಎರಡನೆಯ, ಮೂರನೆಯ ದಿನ ಏರಿ, ವಾರ ಹತ್ತು ದಿನಕ್ಕೆ ಇಳಿಯುತ್ತದೆ. ನಿಧಾನವಾಗಿ ಇಳಿಯುವ ಔಷಧಿಗಳಲ್ಲಿ ತಡವಾಗಿ ಶುರುವಾಗಿ ಹೆಚ್ಚು ದಿನ ಎಳೆಯುತ್ತದೆ. ನಿದ್ರೆ ಮತ್ತು ಮನಸ್ಸಿನ ಮಂಕು ಮಾತ್ರ ವಾರಗಟ್ಟಲೆ ಉಳಿಯಬಹುದು.

ಟ್ರಮಡಾಲ್‌ನದು ಇನ್ನೊಂದು ಗುಣ. ಅದು ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೊನಿನ್, ನಾರ್‌ಅಡ್ರಿನಲಿನ್‌ಗಳ ಮೇಲೂ ಕೆಲಸ ಮಾಡುತ್ತದೆ. ಹಾಗಾಗಿ ಬಿಟ್ಟಾಗ ಕೆಲವರಿಗೆ ವಿಪರೀತ ಭಯ, ಗೊಂದಲ, ಕೈಕಾಲು ಜುಮುಗುಡುವುದು, ಇಲ್ಲದ್ದು ಕಾಣುವುದೂ ಉಂಟು. ಮನೆಯವರು ಗಾಳಿ ಸೋಕಿತೆಂದು ಬೇರೆಲ್ಲೋ ಕರೆದೊಯ್ಯುವ ಮೊದಲು ಈ ಗುಳಿಗೆಯ ನೆನಪಾಗಲಿ.

ಅಳೆಯುವುದು ಯಾವುದರಿಂದ

ಮೊದಲು ಸ್ಟ್ರಿಪ್ಪಿನ ಹಿಂಬದಿಯನ್ನು ಓದಿ, ದಿನಕ್ಕೆ ಒಟ್ಟು ಎಷ್ಟು ಮಿಲಿಗ್ರಾಂ ಎಂದು ಕೂಡಿಸಿ. ಪ್ಯಾರಾಸಿಟಮಾಲ್ ಗುಳಿಗೆಯೆಂದು ತಿಳಿದುಕೊಂಡಿರುವ ಎಷ್ಟೋ ಜನರ ಸ್ಟ್ರಿಪ್ಪಿನಲ್ಲಿ ಟ್ರಮಡಾಲ್ 37.5 ಮತ್ತು ಪ್ಯಾರಾಸಿಟಮಾಲ್ 325 ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಎಷ್ಟು, ಎಷ್ಟು ಕಾಲದಿಂದ: ಈ ಎರಡು ಸಂಖ್ಯೆಗಳಿಂದಲೇ ಅರ್ಧ ನಿರ್ಧಾರ ಆಗಿಹೋಗುತ್ತದೆ.

ಎರಡನೆಯದು, ಮೂಲ ನೋವು ಇನ್ನೂ ಇದೆಯೇ? ಇದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಮೊದಲು ಗೊತ್ತಾಗಬೇಕು. ಇಲ್ಲವಾದರೆ ಮೂರು ತಿಂಗಳಲ್ಲಿ ಮತ್ತೆ ಅದೇ ಸ್ಟ್ರಿಪ್. ಮೂರನೆಯದು ಬಹಳ ಮುಖ್ಯ, ಜೊತೆಗೆ ಇನ್ನೇನಿದೆ? ಮದ್ಯ ಅಥವಾ ಆಲ್ಪ್ರಜೋಲಾಮ್‌ನಂಥ ನಿದ್ರೆ ಗುಳಿಗೆ ದಿನವೂ ಇದ್ದರೆ ಅವನ್ನು ತಟ್ಟನೆ ನಿಲ್ಲಿಸಿದಾಗ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಗರ್ಭಿಣಿಯರು ತಟ್ಟನೆ ಬಿಟ್ಟರೆ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆಯ ಭಯವಿದೆ. ಹೃದಯದ ಕಾಯಿಲೆ, ಹಿಂದೆ ಫಿಟ್ಸ್ ಬಂದದ್ದು, ಸಾಯುವ ಯೋಚನೆ ಬಂದದ್ದು ಇವನ್ನೆಲ್ಲ ಮುಚ್ಚಿಡಬೇಡಿ.

ಉಳಿದದ್ದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಾತು. ಮನೆಯಲ್ಲಿ ಹತ್ತಿರ ಇರುವವರು ಯಾರು, ಎಷ್ಟು ದಿನ ಕೆಲಸ ಬಿಡಬಹುದು, ಎಷ್ಟು ದೂರ ಹೋಗಬಹುದು. ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಗೋವಾ ಎಂದು ಜಿಲ್ಲೆ ದಾಟಿ ಓಡುವುದು ನಮಗೆ ರೂಢಿಯಾಗಿಬಿಟ್ಟಿದೆ. ಬಸ್ಸಿನಲ್ಲಿ ಮೂರು ನಾಲ್ಕು ತಾಸು, ಅದೂ ಭೇದಿ ವಾಂತಿಯ ನಡುವೆ ಕುಳಿತುಕೊಳ್ಳುವುದೆಂದರೆ ಸಣ್ಣ ವಿಷಯವಲ್ಲ. ದೂರವನ್ನೂ ಔಷಧಿಯ ಡೋಸಿನಷ್ಟೇ ಗಂಭೀರವಾಗಿ ಲೆಕ್ಕಕ್ಕೆ ಹಿಡಿಯಬೇಕು.

ಒಂದೇ ಏಟಿಗೆ ಬಿಡುವುದು

ಖರ್ಚಿಲ್ಲ, ಯಾರಿಗೂ ತಿಳಿಯುವುದಿಲ್ಲ, ವಾರದಲ್ಲಿ ಮುಗಿಯುತ್ತದೆ. ಹೆಚ್ಚಿನವರು ಮೊದಲು ಹಿಡಿಯುವ ದಾರಿ ಇದೇ. ಶಸ್ತ್ರಚಿಕಿತ್ಸೆಯಾದ ಮೇಲೆ ಐದಾರು ದಿನ, ಹೆಚ್ಚೆಂದರೆ ವಾರ ಎರಡು ವಾರ, ಕಡಿಮೆ ಡೋಸಿನಲ್ಲಿ ತೆಗೆದುಕೊಂಡವರಿಗೆ ಇದು ಬಹುತೇಕ ಸರಿಹೋಗುತ್ತದೆ. ಆಗಲೂ ಡಾಕ್ಟರಿಗೆ ಒಂದು ಮಾತು ಹೇಳಿ ಬಿಡಿ.

ತಿಂಗಳುಗಟ್ಟಲೆ ತೆಗೆದುಕೊಂಡವರಿಗೆ ನಾನು ಇದನ್ನು ಹೇಳುವುದೇ ಇಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಸಿದ್ದೂ ಇದನ್ನೇ: ದೇಹ ಒಗ್ಗಿಕೊಂಡವರಿಗೆ ತಟ್ಟನೆ ನಿಲ್ಲಿಸಿದರೆ ತೀವ್ರ ಸಂಕಟ, ತಡೆಯಲಾಗದ ನೋವು, ಆತ್ಮಹತ್ಯೆಯವರೆಗಿನ ಯಾತನೆ ಉಂಟಾಗಬಹುದು. ಕೊನೆಗೌಡರು ಎರಡು ಸಲ ಹೀಗೆ ಬಿಟ್ಟು, ಎರಡೂ ಸಲ ಮೂರನೆಯ ರಾತ್ರಿ ಸೋತಿದ್ದರು. ‘ನನ್ನಲ್ಲಿ ಗಟ್ಟಿತನವಿಲ್ಲ’ ಎಂದು ತಲೆ ತಗ್ಗಿಸಿದರು. ಎಂಬತ್ತು ಅಡಿ ಎತ್ತರದ ಮರದಿಂದ ಮರಕ್ಕೆ ದಾಟುವ ಮನುಷ್ಯನಿಗೆ ಗಟ್ಟಿತನ ಇಲ್ಲವೇ? ಮೂರನೆಯ ರಾತ್ರಿ ಸಂಕಟದ ತುತ್ತತುದಿ. ದಾರಿ ತಪ್ಪಾಗಿತ್ತು, ಮನುಷ್ಯ ಸರಿಯಾಗಿಯೇ ಇದ್ದರು.

ಕೆಲವರು ಗುಳಿಗೆ ಬಿಟ್ಟ ಜಾಗಕ್ಕೆ ಮದ್ಯವನ್ನು ತಂದುಕೊಳ್ಳುತ್ತಾರೆ. ಕಾರವಾರದ ಕಡೆ ಗೋವಾದ ಗಡಿ ಹತ್ತಿರ, ಬಾಟಲಿ ಅಗ್ಗ. ಆ ರಾತ್ರಿ ಗುಳಿಗೆಯನ್ನೂ ತಡೆಯಲಾಗದೆ ನುಂಗಿದರೆ ಎರಡೂ ಸೇರಿ ಉಸಿರನ್ನೇ ನಿಲ್ಲಿಸಬಹುದು. ಇದನ್ನು ಮಾತ್ರ ಖಂಡಿತ ಮಾಡಬೇಡಿ.

ಹಂತಹಂತವಾಗಿ ಇಳಿಸುವುದು

ಮನೆಯಲ್ಲೇ ಇದ್ದು, ಕೆಲಸ ಮಾಡಿಕೊಂಡು, ಡಾಕ್ಟರು ಬರೆದ ಲೆಕ್ಕದ ಪ್ರಕಾರ ಡೋಸನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುವುದು. ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಶೇ 10ರಷ್ಟು ಅಥವಾ ಇನ್ನೂ ನಿಧಾನ. ಕೆಲವು ವಾರ ಅಥವಾ ತಿಂಗಳು ಮಾತ್ರ ತೆಗೆದುಕೊಂಡವರಿಗೆ ವಾರಕ್ಕೆ ಶೇ 10ರಷ್ಟು. ಇದು ಸಾಮಾನ್ಯವಾಗಿ ಪಾಲಿಸುವ ಅಳತೆ. ನಡುವೆ ಕಷ್ಟವೆನಿಸಿದರೆ ಅದೇ ಮೆಟ್ಟಿಲಲ್ಲಿ ಇನ್ನೆರಡು ವಾರ ನಿಲ್ಲಬಹುದು. ನಿಂತರೆ ಸೋತಂತಲ್ಲ, ಮತ್ತೆ ಮೇಲೆ ಹತ್ತದಿದ್ದರೆ ಸಾಕು.

ಕಾಗದದ ಮೇಲೆ ಸುಲಭವಾಗಿ ಕಾಣುವ ಈ ಶೇ 10, ಸ್ಟ್ರಿಪ್ಪಿನ ಎದುರು ಕುಳಿತಾಗ ಕೈಕೊಡುತ್ತದೆ. ಕೊನೆಗೌಡರದ್ದು ದಿನಕ್ಕೆ 50 ಮಿಲಿಗ್ರಾಂನ ನಾಲ್ಕು ಕ್ಯಾಪ್ಸೂಲ್, ಒಟ್ಟು 200. ಅದರ ಹತ್ತರಲ್ಲೊಂದು ಪಾಲು 20; ಕ್ಯಾಪ್ಸೂಲನ್ನು ಒಡೆದು ಪುಡಿ ಹಂಚುವುದು ಹೇಗೆ? ಅವರ ಡಾಕ್ಟರು ನಾಲ್ಕರಲ್ಲಿ ಎರಡನ್ನು 37.5ರ ಗುಳಿಗೆಗೆ ಬದಲಿಸಿದರು. ದಿನದ ಲೆಕ್ಕ 175ಕ್ಕೆ ಬಂತು. ಮುಂದಿನ ಮೆಟ್ಟಿಲಲ್ಲಿ ನಾಲ್ಕೂ 37.5, ಅಂದರೆ 150. ದಿನಕ್ಕೆ ನಾಲ್ಕು ಸಲ ನುಂಗುವ ಅಭ್ಯಾಸ ಹಾಗೆಯೇ ಉಳಿದು, ಒಳಗಿನ ಔಷಧಿ ಮಾತ್ರ ಕರಗುತ್ತಾ ಬಂತು. ಹೀಗೆ ಕಡಿಮೆ ಶಕ್ತಿಯ ಗುಳಿಗೆ ಇದೆಯೇ ಎಂದು ನಿಮ್ಮ ಡಾಕ್ಟರನ್ನೂ ಫಾರ್ಮಸಿಸ್ಟನ್ನೂ ಕೇಳಿ. ಪ್ಯಾರಾಸಿಟಮಾಲ್ ಸೇರಿದ ಗುಳಿಗೆಯಾದರೆ, ಜ್ವರಕ್ಕೆಂದು ಬೇರೆ ಪ್ಯಾರಾಸಿಟಮಾಲ್ ನುಂಗುವಾಗ ಅದನ್ನೂ ಕೂಡಿಸಿ.

ಸ್ಟ್ರಿಪ್ಪಿನ ಮೇಲೆ ಎಸ್‌ಆರ್ ಅಥವಾ ಇಆರ್ ಎಂದಿದ್ದರೆ ಆ ಗುಳಿಗೆಯನ್ನು ಅರೆಯಬೇಡಿ, ಜಗಿಯಬೇಡಿ, ಅರ್ಧ ಮಾಡಲು ಹೋಗಬೇಡಿ. ಹನ್ನೆರಡು, ಇಪ್ಪತ್ನಾಲ್ಕು ಗಂಟೆ ಹಿಡಿದು ನಿಧಾನವಾಗಿ ಇಳಿಯಬೇಕಾದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಹೊನ್ನಾವರದ ಶಿಕ್ಷಕಿ, ಇಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ, ಅಡುಗೆಮನೆಯ ಚಾಕುವಿನಿಂದ ಎಸ್‌ಆರ್ ಗುಳಿಗೆಯನ್ನು ಕತ್ತರಿಸುತ್ತಿದ್ದರು.

ಈ ದಾರಿಯಲ್ಲಿ ಹಣದ ಖರ್ಚು ಕಡಿಮೆ, ಸಮಯದ ಖರ್ಚು ಹೆಚ್ಚು. ನಾಲ್ಕು, ಆರು, ಕೆಲವೊಮ್ಮೆ ಹನ್ನೆರಡು ತಿಂಗಳು. ವಾರದ ಗುಳಿಗೆಯನ್ನು ಎಣಿಸಿ ಕೊಡಲು ಮನೆಯಲ್ಲಿ ಒಬ್ಬರು ಬೇಕು, ಡಾಕ್ಟರು ಒಬ್ಬರೇ ಇರಬೇಕು, ಅಂಗಡಿಯೂ ಒಂದೇ ಇರಬೇಕು. ಕಪಾಟಿನಲ್ಲಿ ಐದು ಸ್ಟ್ರಿಪ್ ಇಟ್ಟುಕೊಂಡು ತಾನೇ ಇಳಿಸುತ್ತೇನೆಂದು ಹೊರಟವರಲ್ಲಿ ಗೆದ್ದವರನ್ನು ನಾನು ಕಂಡದ್ದು ಕಡಿಮೆ. ಕಾಲವನ್ನೂ ನೋಡಿಕೊಳ್ಳಿ: ಕೊನೆ ಕೊಯ್ಲಿನ ದಿನಗಳಲ್ಲಿ, ಮಗಳ ಮದುವೆಯ ತಿಂಗಳಲ್ಲಿ ಹೊಸ ಮೆಟ್ಟಿಲು ಇಳಿಯಬೇಡಿ. ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗೆ ಬೋಟು ದಡದಲ್ಲೇ ಇರುವುದು ಇದಕ್ಕೆ ಒದಗಿಬರುವ ಸಮಯ.

ಸಂಕಟಕ್ಕೆ ಕೊಡುವ ಔಷಧಿಗಳು

ಇದು ಬೇರೆ ದಾರಿಯಲ್ಲ, ಉಳಿದವುಗಳ ಜೊತೆಗಾರ. ಬೆವರು, ಚಡಪಡಿಕೆ, ಮೈಮುಳ್ಳಿಗೆ ಕ್ಲೋನಿಡಿನ್ ಕೊಡುತ್ತಾರೆ. ಅದು ರಕ್ತದೊತ್ತಡ ಇಳಿಸುವ ಔಷಧಿ. ಬಿಪಿ ನೋಡದೆ ನುಂಗಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳಬಹುದು. ವಾಂತಿಗೆ, ಹೊಟ್ಟೆ ನುಲಿತಕ್ಕೆ, ಮೈನೋವಿಗೆ ಬೇರೆ ಬೇರೆ ಗುಳಿಗೆಗಳಿವೆ. ಭೇದಿಗೆ ಕೊಡುವ ಲೋಪೆರಮೈಡನ್ನು ಹೇಳಿದ್ದಕ್ಕಿಂತ ಹೆಚ್ಚು ನುಂಗಬೇಡಿ; ಅತಿಯಾದರೆ ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಪಕ್ಕದ ಮನೆಯವರ ನಿದ್ರೆ ಗುಳಿಗೆಯನ್ನು ಕೇಳಿ ತರಬೇಡಿ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಓಆರ್‌ಎಸ್ ಅನ್ನು ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಗುಟುಕು ಗುಟುಕಾಗಿ. ತೆಳು ಗಂಜಿ, ನೀರುಮಜ್ಜಿಗೆ, ಮುರುಗಲು ಪಾನಕ. ಕಾಲಿನ ಸೆಳೆತಕ್ಕೆ ಬಚ್ಚಲಿನ ಹಂಡೆಯ ಬಿಸಿನೀರಿನಷ್ಟು ಹಿತ ಇನ್ನೊಂದಿಲ್ಲ; ನಡುರಾತ್ರಿ ಎದ್ದು ಒಲೆಗೆ ಬೆಂಕಿ ಹಾಕಿಕೊಡುವವರು ಇದ್ದರೆ ಅರ್ಧ ಸಂಕಟ ಇಳಿಯುತ್ತದೆ. ಕಷಾಯವನ್ನೂ ಕುಡಿಯಿರಿ, ಹೊಟ್ಟೆಗೆ ಹಿತ. ಆದರೆ ಗುಳಿಗೆ ಬಿಡಿಸುವ ಬೇರು ಇದೆ, ಪುಡಿ ಇದೆ ಎಂದು ಏನು ಬೆರೆತಿದೆಯೆಂದು ಹೇಳದೆ ಕೊಡುವವರಿಂದ ದೂರವಿರಿ.

ಬ್ಯೂಪ್ರಿನಾರ್ಫಿನ್

ದಿನದ ಡೋಸು ಬಹಳ ಏರಿದವರಿಗೆ, ಇಳಿಸಲು ಹೋಗಿ ಮತ್ತೆ ಮತ್ತೆ ಸೋತವರಿಗೆ, ನೋವಿಲ್ಲದಿದ್ದರೂ ಗುಳಿಗೆಗೆ ಮನಸ್ಸು ಎಳೆಯುವವರಿಗೆ ಇದು ಸರಿಯಾದ ದಾರಿ. ನಾಲಿಗೆಯ ಕೆಳಗಿಡುವ ಗುಳಿಗೆ. ಅದೂ ಓಪಿಯಾಯ್ಡ್ ಕುಲದ್ದೇ, ಆದರೆ ಒಂದು ಮಿತಿಗಿಂತ ಮೇಲೆ ಅದರ ಪರಿಣಾಮ ಏರುವುದಿಲ್ಲ. ಸಂಕಟವನ್ನೂ ಎಳೆತವನ್ನೂ ಹಿಡಿದು ನಿಲ್ಲಿಸುತ್ತದೆ. ‘ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಂತಲ್ಲವೇ?’ ಎಂದು ಬೋಟಿನವರ ಹೆಂಡತಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ದಿನಕ್ಕೆ ಐದಾರು ಸಲ ಗುಳಿಗೆ ಹುಡುಕಿ ಅಲೆಯುವ ಬದುಕಿಗೂ, ಬೆಳಿಗ್ಗೆ ಒಂದನ್ನು ನಾಲಿಗೆಯಡಿ ಇಟ್ಟುಕೊಂಡು ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವ ಬದುಕಿಗೂ ಬಹಳ ವ್ಯತ್ಯಾಸವಿದೆ.

ಇದರ ತೊಡಕುಗಳು ಮೂರು. ಹಳೆಯ ಔಷಧಿ ಮೈಯಲ್ಲಿ ಇನ್ನೂ ತುಂಬಿರುವಾಗ ಇದನ್ನು ಕೊಟ್ಟರೆ ಸಂಕಟ ಒಮ್ಮೆಲೇ ಸ್ಫೋಟಿಸುತ್ತದೆ. ಆದ್ದರಿಂದ ಕೊನೆಯ ಗುಳಿಗೆಯಾಗಿ ಸಾಮಾನ್ಯವಾಗಿ 12ರಿಂದ 24 ಗಂಟೆ ಕಳೆದು, ಲಕ್ಷಣಗಳು ಶುರುವಾದ ಮೇಲೆಯೇ ಮೊದಲ ಗುಳಿಗೆ ಕೊಡುತ್ತಾರೆ. ಕೊನೆಯ ಗುಳಿಗೆ ಯಾವಾಗ ನುಂಗಿದ್ದೆಂದು ಡಾಕ್ಟರಿಗೆ ಸುಳ್ಳು ಹೇಳಬಾರದು. ಎರಡನೆಯದು, ನಮ್ಮಂಥ ಸಾಮಾನ್ಯ ಔಷಧಿ ಅಂಗಡಿಗಳಲ್ಲಿ ಇದು ಸಿಗುವುದಿಲ್ಲ. ಮನೋವೈದ್ಯರ ಮೂಲಕ, ಗೊತ್ತಾದ ಕೇಂದ್ರಗಳಲ್ಲಿ ಮಾತ್ರ. ಅಲ್ಲಿ ದಾಸ್ತಾನು ಇದೆಯೇ ಎಂದು ಹೊರಡುವ ಮೊದಲು ಕೇಳಿಕೊಳ್ಳಿ. ಮೂರನೆಯದು, ತಿಂಗಳುಗಟ್ಟಲೆ ಹೋಗಿ ಬರಬೇಕು. ಮದ್ಯ, ನಿದ್ರೆ ಗುಳಿಗೆಗಳ ಜೊತೆ ಇದು ಕೂಡ ಅಪಾಯ.

ಒಳರೋಗಿಯಾಗಿ ಸೇರುವುದು

ಆಲ್ಪ್ರಜೋಲಾಮ್ ಅಥವಾ ಮದ್ಯ ಜೊತೆಗಿದ್ದರೆ, ಗರ್ಭಿಣಿಯಾಗಿದ್ದರೆ, ಫಿಟ್ಸ್ ಬಂದಿದ್ದರೆ, ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಹಣ, ದೂರ, ನಾಚಿಕೆ ಮೂರನ್ನೂ ಬದಿಗಿಟ್ಟು ಇದನ್ನೇ ಆರಿಸಿ. ಶಿಕ್ಷಕಿಗೆ ನಾನು ಹೇಳಿದ್ದೂ ಇದನ್ನೇ. ಎರಡು ಔಷಧಿಗಳಲ್ಲಿ ಯಾವುದನ್ನು ಮೊದಲು ಇಳಿಸಬೇಕೆಂದು ಮನೋವೈದ್ಯರೇ ನಿರ್ಧರಿಸಬೇಕು, ಎರಡನ್ನೂ ಒಟ್ಟಿಗೆ ಇಳಿಸಲಾಗದು.

ಸರ್ಕಾರಿ ಕಡೆ ಮೊದಲ ಬಾಗಿಲು ನಿಮ್ಮ ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಾನಸಿಕ ಆರೋಗ್ಯದ ಡಾಕ್ಟರು ಬರುವ ದಿನ ಯಾವುದೆಂದು ಕೇಳಿ. ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆಯೊಂದಿಗಿರುವ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ಕುಮಟಾದಿಂದ ಸುಮಾರು 70 ಕಿಲೋಮೀಟರ್. ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅನುಕೂಲ. ಭಟ್ಕಳದವರಿಗೆ ಮಣಿಪಾಲ ಹತ್ತಿರ, ಆದರೆ ಅಲ್ಲಿ ಖಾಸಗಿ ದರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ದೂರ ಹೋದರೆ ಊರಿನ ಕಣ್ಣು ತಪ್ಪುತ್ತದೆ, ಆದರೆ ಮರುಭೇಟಿಗಳು ತಪ್ಪುವುದೂ ಹಾಗೆಯೇ. ವರ್ಷದಲ್ಲಿ ಎಂಟು ಹತ್ತು ಸಲ ಹೋಗಲು ಸಾಧ್ಯವಾಗುವ ಊರನ್ನು ಆರಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹೆಂಗಸರಿಗೆ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಖರ್ಚಂತೂ ಇಲ್ಲ.

ಖಾಸಗಿ ವ್ಯಸನಮುಕ್ತಿ ಕೇಂದ್ರಗಳಲ್ಲಿ ಒಳ್ಳೆಯವೂ ಇವೆ, ಬರಿಯ ಕೋಣೆಗೆ ಹಾಕಿ ಬೀಗ ಜಡಿಯುವಂಥವೂ ಇವೆ. ಹಣ ಕಟ್ಟುವ ಮುಂಚೆ ಕೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಆಗಿದೆಯೇ? ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ? ಮೊದಲ ಐದು ರಾತ್ರಿ ನರ್ಸ್ ಇರುತ್ತಾರೆಯೇ? ಸಂಕಟಕ್ಕೆ ಔಷಧಿ ಕೊಡುತ್ತಾರೆಯೇ? ಮನೆಯವರು ಭೇಟಿಯಾಗಬಹುದೇ? ಎಲ್ಲ ಸೇರಿ ಎಷ್ಟಾಗುತ್ತದೆ? ‘ಇಷ್ಟೇ ದಿನದಲ್ಲಿ ಖಾತ್ರಿ’ ಎಂದು ಹೇಳಿದವರಿಂದ ಎದ್ದು ಬನ್ನಿ.

ಯಾವ ದಾರಿಯಲ್ಲಿ ಬಿಟ್ಟವರಿಗೂ, ಒಳರೋಗಿಯಾಗಿ ಪೂರ್ತಿ ಬಿಟ್ಟು ಮನೆಗೆ ಬಂದವರಿಗೆ ಇನ್ನೂ ಹೆಚ್ಚಾಗಿ, ಒಂದು ಅಪಾಯವಿದೆ. ಕೆಲವೇ ವಾರಗಳಲ್ಲಿ ದೇಹ ಹಳೆಯ ಒಗ್ಗುವಿಕೆಯನ್ನು ಕಳೆದುಕೊಳ್ಳುತ್ತದೆ. ಮೊದಲು ತಡೆದುಕೊಳ್ಳುತ್ತಿದ್ದ ಅದೇ ಡೋಸು ಈಗ ಉಸಿರನ್ನು ನಿಲ್ಲಿಸಬಲ್ಲದು. ಯಾರಾದರೂ ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿದರೆ ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ಏನು ನುಂಗಿದ್ದಾರೆಂದು ಸ್ಪಷ್ಟವಾಗಿ ಹೇಳಿ. ಇದಕ್ಕೆ ನಲಾಕ್ಸೋನ್ ಎಂಬ ಪ್ರತಿಔಷಧಿ ಇದೆ. ಈ ಅಪಾಯ ಇರುವುದರಿಂದ, ಬಿಟ್ಟ ದಿನವೇ ಮನೆಯಲ್ಲಿ ಉಳಿದ ಸ್ಟ್ರಿಪ್ಪುಗಳನ್ನು ಮನೆಯವರು ತೆಗೆದು ಆಸ್ಪತ್ರೆಗೋ ಅಂಗಡಿಗೋ ಒಪ್ಪಿಸಲಿ. ಫಿಟ್ಸ್, ಮೈಮೇಲೆ ಪರಿವೆ ಇಲ್ಲದ ಗೊಂದಲ, ಮೂತ್ರವೇ ಬಾರದಷ್ಟು ವಾಂತಿ ಭೇದಿ, ಎದೆನೋವು ಇದ್ದರೂ ಕಾಯಬೇಡಿ.

ಹೊರಡುವ ಮುನ್ನ

ಇನ್ನೂ ನಿರ್ಧಾರ ಆಗದಿದ್ದರೆ ಫೋನಿನಲ್ಲೇ ಶುರು ಮಾಡಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ವ್ಯಸನಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446. ಹೆಸರು ಹೇಳಲು ನಾಚಿಕೆಯಾದರೆ ಮೊದಲು ಬರಿಯ ಪ್ರಶ್ನೆಯನ್ನಷ್ಟೇ ಕೇಳಿ.

ಬೋಟಿನವರು ಬಂದದ್ದು ಜೂನ್ ಎರಡನೆಯ ವಾರ. ಬೋಟು ಕಡಲಿಗಿಳಿಯಲು ಏಳು ವಾರವಿತ್ತು. ಚೀಟಿಯಿಲ್ಲದ ಗುಳಿಗೆ, ಜೊತೆಗೆ ಸಂಜೆಯ ಕುಡಿತ ಎಂದ ಮೇಲೆ ಮನೆಯಲ್ಲಿ ಇಳಿಸುವ ಮಾತೇ ಇರಲಿಲ್ಲ. ಮನೋವೈದ್ಯರನ್ನು ಕಾಣಿ, ಮದ್ಯದ ವಿಷಯವನ್ನೂ ಮೊದಲೇ ಹೇಳಿ ಎಂದೆ. ಜೊತೆಗೆ ಒಯ್ಯಬೇಕಾದದ್ದನ್ನು ಒಂದು ಕಾಗದದಲ್ಲಿ ಬರೆದುಕೊಟ್ಟೆ: ಖಾಲಿ ಸ್ಟ್ರಿಪ್ಪುಗಳು, ಭುಜದ ಹಳೆಯ ಎಕ್ಸ್‌ರೇ, ಆಧಾರ್ ಮತ್ತು ಪಡಿತರ ಚೀಟಿ, ಬೇರೆ ಕಾಯಿಲೆಯ ಔಷಧಿಗಳು, ಕೊನೆಯ ಗುಳಿಗೆ ನುಂಗಿದ ದಿನ ಮತ್ತು ಗಂಟೆ, ಓಆರ್‌ಎಸ್ ಬೆರೆಸಿದ ಬಾಟಲಿ, ಒಂದು ಟವೆಲ್, ಜೊತೆಗೆ ಒಬ್ಬರು. ಭಾನುವಾರ ಬೇಡ, ಒಪಿಡಿ ಇರುವುದಿಲ್ಲ. ಚೀಟಿ ಮಾಡಿಸುವ ಸಾಲು ಉದ್ದವಾಗುವ ಮೊದಲು ತಲುಪಿಸುವ ಬೆಳಗಿನ ಬಸ್ಸನ್ನೇ ಹಿಡಿಯಿರಿ.